ವಿಜಯನಗರದ ಪೇಟೆಯಲ್ಲಿ ಕೊಳ್ಳುವವನು

ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಬೀದಿಯಲ್ಲಿ ಮಾರುತ್ತಿದ್ದರೆಂಬ ಮಾತನ್ನು ಕೇಳದೆ ಬೆಳೆದ ಕನ್ನಡಿಗನಿಲ್ಲ. ವಿಜಯನಗರವೆಂದೊಡನೆ ಕಣ್ಣಿಗೆ ಕಟ್ಟುವುದು ಆ ರತ್ನದ ರಾಶಿಯೇ. ಆದರೆ ರತ್ನವನ್ನು ಯಾರೂ ಬೇಯಿಸಿ ಉಣ್ಣುವುದಿಲ್ಲ. ಅಷ್ಟು ದೊಡ್ಡ ನಗರದ ಅಷ್ಟೊಂದು ಒಲೆಗಳಿಗೆ ಅಕ್ಕಿ ಎಲ್ಲಿಂದ ಬರುತ್ತಿತ್ತು, ಬದನೆಕಾಯಿಯನ್ನು ಯಾವ ಬೀದಿಯಲ್ಲಿ ಮಾರುತ್ತಿದ್ದರು, ಒಂದು ಕೋಳಿಗೆ ಎಷ್ಟು ಕೊಡಬೇಕಾಗಿತ್ತು ಎಂಬ ಪ್ರಶ್ನೆಗಳನ್ನು ವೈಭವದ ವರ್ಣನೆಯಲ್ಲಿ ಮೈಮರೆತವರು ಕೇಳಿದ್ದು ಕಡಿಮೆ. ಕೇಳಿದವರಿಗೆ ಉತ್ತರಗಳು ದೊರೆಯುತ್ತವೆ. ಆ ಉತ್ತರಗಳು ಬಹುಮಟ್ಟಿಗೆ ಪರದೇಶದ ಪ್ರವಾಸಿಗರ ಬರೆಹಗಳಲ್ಲಿವೆ. ಆದುದರಿಂದ ಅವನ್ನು ಓದುವಾಗ ಆಯಾ ಪ್ರವಾಸಿ ಯಾರು, ಅವನ ಊಟದ ವೆಚ್ಚವನ್ನು ಯಾರು ಭರಿಸುತ್ತಿದ್ದರು ಎಂಬುದನ್ನು ನೆನಪಿನಲ್ಲಿಡುವುದು ಅಗತ್ಯ. ಪೇಟೆಯು ಎಲ್ಲರಿಗೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಕೈಯಿಂದ ಹಣ ಕೊಟ್ಟು ಕೊಳ್ಳುವವನಿಗೆ ಕಾಣುವ ಪೇಟೆ ಬೇರೆ, ಅತಿಥಿಯಾಗಿ ಬಂದವನಿಗೆ ಕಾಣುವ ಪೇಟೆ ಬೇರೆ.

ಮೊದಲಿಗೆ ಅತಿಥಿಯ ಮಾತು. ಹೆರಾತಿನ ಷಾರುಖ್ ಸುಲ್ತಾನನ ರಾಯಭಾರಿಯಾಗಿ ಅಬ್ದುರ್ ರಜಾಕನು 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದನು. ಒಂದರೊಳಗೊಂದಾಗಿ ಏಳು ಕೋಟೆಗಳಿದ್ದವೆಂದೂ, ಮೊದಲ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದವೆಂದೂ, ಮೂರನೆಯದರಿಂದ ಏಳನೆಯದರವರೆಗೆ ಅಂಗಡಿಗಳೂ ಜನಸಂದಣಿಯೂ ದಟ್ಟವಾಗಿದ್ದವೆಂದೂ ಅವನು ಬರೆದಿದ್ದಾನೆ. ಅರಮನೆಯ ಬಳಿ ಒಂದಕ್ಕೊಂದು ಎದುರಾಗಿ ನಾಲ್ಕು ಪೇಟೆಗಳಿದ್ದವು. ಒಂದೊಂದು ಕಸುಬಿನವರ ಅಂಗಡಿಗಳು ಒಂದರ ಮಗ್ಗುಲಲ್ಲಿ ಒಂದು ಇದ್ದವೆಂಬುದು ಅವನ ಇನ್ನೊಂದು ಮಾತು. ಈ ಮಾತಿಗೆ ಕಲ್ಲಿನ ಸಾಕ್ಷ್ಯವೂ ಉಂಟು. ಅದೇ ಇಮ್ಮಡಿ ದೇವರಾಯನು ಶಕ 1348ರಲ್ಲಿ, ಎಂದರೆ 1426ರಲ್ಲಿ, ಪಾರ್ಶ್ವನಾಥನ ಚೈತ್ಯಾಲಯವನ್ನು ಕಟ್ಟಿಸಿದ್ದು ಎಲೆ ಅಡಕೆಯ ಅಂಗಡಿಗಳ ಬೀದಿಯಲ್ಲಿ ಎಂದು ಆ ಬಸದಿಯ ಶಾಸನವೇ ಹೇಳುತ್ತದೆ. ರಜಾಕನು ಬರುವುದಕ್ಕೆ 17 ವರ್ಷಗಳ ಮೊದಲೇ ಒಂದು ಬೀದಿಯು ತಾನು ಮಾರುವ ಸರಕಿನ ಹೆಸರಿನಿಂದ ಶಾಸನಕ್ಕೆ ಏರುವಷ್ಟು ನೆಲೆಗೊಂಡಿತ್ತು. ಹತ್ತು ಅಂಗಡಿಗಳ ಎಲೆಯನ್ನು ಮುಟ್ಟಿ ನೋಡಿ, ಹನ್ನೊಂದನೆಯದರಲ್ಲಿ ಕೊಳ್ಳುವ ಸುಖವು ಇಂಥ ಬೀದಿಯಲ್ಲಲ್ಲದೆ ದೊರೆಯುವುದಿಲ್ಲ. ಮಾರುವವನ ಮಾತಿನ ಸತ್ಯಾಸತ್ಯವನ್ನು ಅಲ್ಲಿ ನೆರೆಯ ಅಂಗಡಿಯೇ ತೂಗಿ ಹೇಳುತ್ತದೆ.

ಗುಲಾಬಿ ಹೂವು ಎಲ್ಲೆಡೆಯೂ ಮಾರಾಟವಾಗುತ್ತಿತ್ತು, ಈ ಜನಕ್ಕೆ ಅದು ಅನ್ನದಷ್ಟೇ ಅವಶ್ಯಕ ಎಂದು ರಜಾಕನು ಬೆರಗಾಗುತ್ತಾನೆ. ಹೂವನ್ನು ಕುರಿತು ಇಷ್ಟು ಹೇಳಿದವನು ಅನ್ನದ ಬೆಲೆಯನ್ನು ಏಕೆ ಹೇಳಲಿಲ್ಲ? ಅದಕ್ಕೆ ಅವನ ಬರೆಹದಲ್ಲಿಯೇ ಕಾರಣವಿದೆ. ರಾಯನ ಆಜ್ಞೆಯಂತೆ ಪ್ರತಿದಿನವೂ ಅವನ ಬಿಡಾರಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಸಲ್ಲುತ್ತಿದ್ದವು. ಮನೆಯ ಬಾಗಿಲಿಗೇ ಬೆಣ್ಣೆಯ ಮಣ ಬಂದು ಬೀಳುವಾಗ ಪೇಟೆಯ ಧಾರಣೆಯನ್ನು ವಿಚಾರಿಸುವ ಗೊಡವೆ ಯಾರಿಗೆ ಬೇಕು! ಮುಂದೆ ದಂಡನಾಯಕನು ದಂಡಯಾತ್ರೆಗೆ ತೆರಳಿದಾಗ ಅವನ ಸ್ಥಾನದಲ್ಲಿ ಕುಳಿತ ಅಧಿಕಾರಿಯು ಈ ಪಡಿಯನ್ನು ನಿಲ್ಲಿಸಿದನೆಂದು ರಜಾಕನು ಕಹಿಯಾಗಿ ಬರೆಯುತ್ತಾನೆ. ಆದರೆ ಆ ಕಹಿಯು ಅಧಿಕಾರಿಯ ನಿಂದೆಯಾಗಿ ಹೊರಬಿದ್ದಿತೇ ಹೊರತು ಅಕ್ಕಿಯ ಬೆಲೆಯಾಗಿ ಹೊರಬೀಳಲಿಲ್ಲ.

ಆದರೂ ಕೊಳ್ಳುವವನಿಗೆ ಅತ್ಯಂತ ಉಪಯುಕ್ತವಾದ ಒಂದು ಸಂಗತಿಯನ್ನು ರಜಾಕನು ಉಳಿಸಿಕೊಟ್ಟಿದ್ದಾನೆ. ಅದು ಚಿಲ್ಲರೆಯ ಲೆಕ್ಕ. ವರಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ, ಇವು ಚಿನ್ನದವು. ಹಣದ ಆರನೆಯ ಒಂದು ಪಾಲು ತಾರ ಎಂಬ ಬೆಳ್ಳಿಯ ನಾಣ್ಯ. ತಾರದ ಮೂರನೆಯ ಒಂದು ಪಾಲು ಜೀತಲ ಎಂಬ ತಾಮ್ರದ ನಾಣ್ಯ. ಹೀಗೆ ಒಂದು ಹಣಕ್ಕೆ ಹದಿನೆಂಟು ತಾಮ್ರದ ಕಾಸುಗಳು. ಇವೆಲ್ಲವುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದುದು ಹಣವೇ ಎಂದು ಅವನು ಹೇಳುತ್ತಾನೆ. ಈ ನಾಣ್ಯದ ಹೆಸರು ಮುಂದೆ ಕನ್ನಡದಲ್ಲಿ ಸಂಪತ್ತಿಗೇ ಹೆಸರಾಗಿ ನಿಂತಿತು.

ಬೆಲೆಗಳನ್ನು ತಿಳಿಯಲು ಸುಮಾರು ಎಂಬತ್ತು ವರ್ಷ ಕಾಯಬೇಕು. ಪೋರ್ಚುಗೀಸನಾದ ಡೊಮಿಂಗೊ ಪೇಸ್ ಕೃಷ್ಣದೇವರಾಯನ ಕಾಲದಲ್ಲಿ, 1520 ಮತ್ತು 1522ರ ನಡುವೆ, ವಿಜಯನಗರವನ್ನು ಕಂಡನು. ಅವನ ಮತ್ತು ಅವನ ನಂತರದ ನೂನಿಜನ ಬರೆಹಗಳಿದ್ದ ಹಸ್ತಪ್ರತಿಯು ಪ್ಯಾರಿಸ್ಸಿನ ಗ್ರಂಥಭಂಡಾರದಲ್ಲಿತ್ತು. ಡೇವಿಡ್ ಲೋಪೆಸ್ ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ, ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದು 1900ರಲ್ಲಿ ಪ್ರಕಟಿಸಿದನು. ಪೇಸನ ತಂಡಕ್ಕೂ ರಾಯನಿಂದ ಕುರಿ, ಕೋಳಿ, ಬೆಣ್ಣೆ, ಜೇನುತುಪ್ಪಗಳ ಉಡುಗೊರೆ ಬಂದಿದ್ದುಂಟು. ಆದರೆ ತಂಡದ ನಾಯಕನಾದ ಫಿಗುಯೆರೆದೊ ಅದನ್ನೆಲ್ಲ ತನ್ನೊಡನೆ ಬಂದಿದ್ದ ಕಾಲಾಳುಗಳಿಗೂ ಪರಿವಾರಕ್ಕೂ ಹಂಚಿಬಿಟ್ಟನು. ಪೇಸನು ಮಾತ್ರ ಪೇಟೆಯನ್ನು ಕಣ್ಣಿಂದಲ್ಲದೆ ಕೈಯಿಂದಲೂ ಮುಟ್ಟಿ ನೋಡಿದವನಂತೆ ಬರೆಯುತ್ತಾನೆ. ಅವನ ಬರೆಹದಲ್ಲಿ ರತ್ನಗಳೂ ಇವೆ, ಆದರೆ ಅವುಗಳ ಬೆನ್ನಿಗೇ ನಿಂಬೆಯೂ ಸೌದೆಯೂ ಬರುತ್ತವೆ.

ಜಗತ್ತಿನಲ್ಲಿ ಇಷ್ಟು ಚೆನ್ನಾಗಿ ಆಹಾರ ಸಾಮಗ್ರಿಯ ಪೂರೈಕೆಯಿರುವ ನಗರ ಬೇರೊಂದಿಲ್ಲ ಎಂಬುದು ಪೇಸನ ತೀರ್ಮಾನ. ಬೇರೆ ನಗರಗಳಲ್ಲಿ ಆಗಾಗ ಪದಾರ್ಥಗಳ ಕೊರತೆ ಬೀಳುತ್ತದೆ, ಇಲ್ಲಿ ಎಲ್ಲವೂ ಸದಾ ತುಂಬಿತುಳುಕುತ್ತದೆ ಎನ್ನುತ್ತಾನೆ. ಅಕ್ಕಿ, ಗೋಧಿ, ಹೆಸರು, ಹುರುಳಿ, ಬಗೆಬಗೆಯ ಕಾಳುಗಳು. ಇವು ಸಾಮಾನ್ಯ ಜನರ ಆಹಾರ, ಬಲು ಅಗ್ಗ. ಗೋಧಿ ಮಾತ್ರ ಅಷ್ಟಾಗಿ ಇಲ್ಲ, ಮುಸಲ್ಮಾನರಲ್ಲದೆ ಅದನ್ನು ತಿನ್ನುವವರಿಲ್ಲ. ಸಿವೆಲನ ಅನುವಾದದಲ್ಲಿ ಈ ಪಟ್ಟಿಯೊಳಗೆ ‘ಇಂಡಿಯನ್ ಕಾರ್ನ್’ ಎಂಬ ಹೆಸರು ಕಾಣುವುದರಿಂದ ಮುಸುಕಿನ ಜೋಳವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಬಳ್ಳಾರಿ ಸೀಮೆಯ ನೆಲವನ್ನು ಬಲ್ಲವರಿಗೆ ಅದು ಬಿಳಿಯ ಜೋಳವಲ್ಲದೆ ಬೇರೆಯಲ್ಲವೆಂದು ಹೇಳಬೇಕಾದ್ದಿಲ್ಲ. ದಿನದಿನವೂ ಬರುವ ನಿಂಬೆಯ ಹೇರುಗಳ ಮುಂದೆ ತನ್ನ ದೇಶದ ಪೋವೊಸಿನ ನಿಂಬೆಗಳು ಲೆಕ್ಕಕ್ಕೇ ಇಲ್ಲವೆಂದು ಅವನು ಒಪ್ಪಿಕೊಳ್ಳುತ್ತಾನೆ. ಸಿಹಿ ಕಿತ್ತಳೆ, ಹುಳಿ ಕಿತ್ತಳೆ, ಬದನೆ, ಇತರ ತೋಟದ ಬೆಳೆ, ಹಾಲು, ಬೆಣ್ಣೆ, ಎಣ್ಣೆ, ಇವುಗಳ ರಾಶಿಯನ್ನು ಕಂಡು ಅವನಿಗೆ ದಿಗ್ಭ್ರಮೆಯಾಗಿದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು ಈ ಪಟ್ಟಿಯಲ್ಲಿಲ್ಲ. ಅಮೆರಿಕ ಖಂಡದ ಆ ಬೆಳೆಗಳನ್ನು ನಮ್ಮ ಅಡುಗೆಮನೆಗೆ ತಂದವರು ಪೇಸನ ನಾಡಿನವರೇ ಎಂಬುದು ಇತಿಹಾಸದ ಒಂದು ವಿನೋದ.

ರಾಜಧಾನಿಯ ಅಗಲವಾದ ಒಂದು ಬೀದಿಯಲ್ಲಿ ಪ್ರತಿದಿನ ಸಂಜೆ ಸಂತೆ ನೆರೆಯುತ್ತಿತ್ತು. ಅಲ್ಲಿ ಸಾಧಾರಣ ಕುದುರೆ ತಟ್ಟುಗಳ ಜೊತೆಗೇ ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆ ಎಲ್ಲವೂ ದೊರೆಯುತ್ತಿದ್ದವು. ರಾಜಧಾನಿಯ ಇನ್ನೊಂದು ಭಾಗದಲ್ಲಿ ಶುಕ್ರವಾರದ ಸಂತೆ. ಅಲ್ಲಿ ಹಂದಿ, ಕೋಳಿ, ಕಡಲಿನಿಂದ ಬಂದ ಒಣಮೀನು. ಇದಲ್ಲದೆ ದಿನಕ್ಕೊಂದು ಎಡೆಯಲ್ಲಿ ಸಂತೆ ಇದ್ದೇ ಇರುತ್ತಿತ್ತು. ಇಂದು ಯಾವ ಕೇರಿಯ ಸಂತೆ ಎಂಬುದನ್ನು ಬಲ್ಲ ಗೃಹಸ್ಥನಿಗೆ ಇದು ದೊಡ್ಡ ಅನುಕೂಲ; ಅರಿಯದೆ ಹೊರಟವನಿಗೆ ಬರಿಗೈಯ ನಡಿಗೆ. ಶುಕ್ರವಾರದ ಸಂತೆಯನ್ನು ವರ್ಣಿಸುತ್ತ ಪೇಸನು ಒಂದು ಮಾತನ್ನು ಸೇರಿಸುತ್ತಾನೆ: ಈ ನಾಡಿನ ಬೇರೆ ಪದಾರ್ಥಗಳೂ ಅಲ್ಲಿದ್ದವು, ಅವುಗಳ ಹೆಸರು ತನಗೆ ಗೊತ್ತಿಲ್ಲ ಎಂದು. ಕನ್ನಡಿಗನಿಗೆ ಅತ್ಯಂತ ಬೇಕಾದ ಭಾಗವು ಈ ‘ಬೇರೆ ಪದಾರ್ಥ’ಗಳಲ್ಲಿ ಅಡಗಿದೆ. ಹೀರೆ, ಪಡವಲ, ತೊಂಡೆ, ಹಾಗಲ, ಅವರೆ, ಕೀರೆ, ದಂಟು, ಮನೆಮನೆಯ ಸಾರಿಗೆ ಬೇಕಾದುದೆಲ್ಲ ಅಲ್ಲಿ ಇದ್ದಿರಬೇಕು. ಹೆಸರು ಬಲ್ಲವರಿಗೆ ಅದು ಬರೆಯತಕ್ಕ ವಿಷಯವೆಂದು ತೋರಲಿಲ್ಲ, ಬರೆಯಲು ಕುಳಿತವನಿಗೆ ಹೆಸರು ಗೊತ್ತಿರಲಿಲ್ಲ. ಕನ್ನಡ ನಾಡಿನ ಆರ್ಥಿಕ ಇತಿಹಾಸದ ಎಷ್ಟೋ ಪುಟಗಳು ಈ ಎರಡು ಮೌನಗಳ ನಡುವೆ ಕಳೆದುಹೋಗಿವೆ.

ಇನ್ನು ಬೆಲೆ. ದ್ರಾಕ್ಷಿ ಹಣಕ್ಕೆ ಮೂರು ಗೊಂಚಲು, ದಾಳಿಂಬೆ ಹಣಕ್ಕೆ ಹತ್ತು. ಕೋಳಿಗಳು ಒಂದು ಸಣ್ಣ ನಾಣ್ಯಕ್ಕೆ ಮೂರು. ಆ ನಾಣ್ಯವೂ ಹಣವೇ ಎಂದು ಎಣಿಸಲು ಆಧಾರವಿದೆ. ಅದೇ ನಾಣ್ಯಕ್ಕೆ ಕೌಜುಗ ಆರರಿಂದ ಎಂಟು, ಮೊಲ ಎರಡು, ಕೆಲವೊಮ್ಮೆ ಒಂದೇ. ಕುರಿಯ ಮಾಂಸವನ್ನು ಮಾರುವವರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದರು. ರಜಾಕನ ಕಾಲದ ಚಿಲ್ಲರೆಯ ಲೆಕ್ಕವೇ ಪೇಸನ ಕಾಲಕ್ಕೂ ನಡೆದುಬಂದಿತ್ತೆಂದು ಇಟ್ಟುಕೊಂಡರೆ ಒಂದು ಕೋಳಿಗೆ ಎರಡು ತಾರ ಆಗುತ್ತದೆ, ದ್ರಾಕ್ಷಿಯ ಒಂದು ಗೊಂಚಲಿಗೂ ಎರಡು ತಾರ. ಗೊಂಚಲು ದ್ರಾಕ್ಷಿಯ ಬೆಲೆ ಒಂದು ಕೋಳಿಯ ಬೆಲೆ! ಅಗ್ಗವೆಂದು ಪ್ರವಾಸಿಯು ಕೊಂಡಾಡಿದುದೆಲ್ಲವೂ ಎಲ್ಲರ ಪಾಲಿಗೂ ಅಗ್ಗವಾಗಿರಲಿಲ್ಲವೆಂಬುದು ಈ ಒಂದು ಹೋಲಿಕೆಯಿಂದಲೇ ಹೊಳೆಯುತ್ತದೆ. ದಾಳಿಂಬೆಯ ವಿಷಯ ಇನ್ನೂ ಸೂಕ್ಷ್ಮ. ಹದಿನೆಂಟು ಜೀತಲಕ್ಕೆ ಹತ್ತು ಹಣ್ಣು. ಒಂದೇ ಹಣ್ಣು ಬೇಕೆಂದವನು ಎರಡು ಜೀತಲಕ್ಕಿಂತ ತುಸು ಕಡಿಮೆ ಕೊಡಬೇಕು, ಆದರೆ ಅದಕ್ಕಿಂತ ಸಣ್ಣ ಕಾಸನ್ನು ರಜಾಕನು ಹೆಸರಿಸಿಲ್ಲ. ಅಂಗಡಿಯವನು ಎರಡನ್ನೇ ತೆಗೆದುಕೊಂಡಿರಬೇಕು. ಒಟ್ಟಿಗೆ ಕೊಳ್ಳಲಾರದವನು ಬಿಡಿಯಾಗಿ ಕೊಳ್ಳುವಾಗ ತೆರುವ ಈ ಹೆಚ್ಚಿನ ಚೂರು ಯಾವ ಕಾಲದ ಪೇಟೆಯಲ್ಲಿಯೂ ತಪ್ಪಿದ್ದಲ್ಲ.

ಪೇಸನು ಅನುಭವಿಸಿದ ಒಂದು ಬೇಸರವನ್ನೂ ಅವನೇ ದಾಖಲಿಸಿದ್ದಾನೆ. ಬೀದಿಗಳೂ ಪೇಟೆಗಳೂ ಹೇರೆತ್ತುಗಳಿಂದ ಕಿಕ್ಕಿರಿದು ಮುಂದೆ ಹೋಗಲು ಸಾಧ್ಯವಿರಲಿಲ್ಲ. ಎಷ್ಟೋ ಬೀದಿಗಳಲ್ಲಿ ಎತ್ತುಗಳ ಸಾಲು ದಾಟುವವರೆಗೆ ಕಾದು ನಿಲ್ಲಬೇಕು, ಇಲ್ಲವೆ ಬೇರೆ ದಾರಿ ಹಿಡಿಯಬೇಕು. ಹಬ್ಬದ ಹಿಂದಿನ ದಿನ ದಾದರಿನ ತರಕಾರಿ ಪೇಟೆಯಲ್ಲಿ ಲಾರಿ, ಕೈಗಾಡಿಗಳ ನಡುವೆ ಚೀಲ ಹಿಡಿದು ನಿಂತವರಿಗೆ ಈ ವಾಕ್ಯದ ಅರ್ಥವನ್ನು ವಿವರಿಸಬೇಕಾಗಿಲ್ಲ. ಪೇಸನು ಇದನ್ನು ಸಮೃದ್ಧಿಯ ಗುರುತಾಗಿಯೇ ಬರೆದಿದ್ದಾನೆ. ಆದರೆ ಆ ಎತ್ತುಗಳು ಏಕೆ ಅಷ್ಟೊಂದು ಬರುತ್ತಿದ್ದವು, ಬರುವಾಗ ದಾರಿಯಲ್ಲಿ ಏನನ್ನು ಬಿಟ್ಟು ಬರುತ್ತಿದ್ದವು ಎಂಬುದನ್ನು ತಿಳಿಯಲು ಮೂರನೆಯ ಸಾಕ್ಷಿಯ ಬಳಿಗೆ ಹೋಗಬೇಕು.

ಆ ಮೂರನೆಯವನು ಫೆರ್ನಾವೊ ನೂನಿಜ್. ಅವನು ಕುದುರೆಯ ವ್ಯಾಪಾರಿ. ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಿಂದ 1537ರವರೆಗೆ, ವಿಜಯನಗರದಲ್ಲಿದ್ದನು. ವ್ಯಾಪಾರಿಯ ಕಣ್ಣು ಅಂಗಡಿಗಿಂತ ಮೊದಲು ಸುಂಕದ ಕಟ್ಟೆಯ ಮೇಲೆ ಬೀಳುತ್ತದೆ. ಪೇಸನು ಕಾಣದ ಬಾಗಿಲನ್ನು ನೂನಿಜನು ಕಂಡದ್ದು ಈ ಕಾರಣದಿಂದ. ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರದಲ್ಲಿ ಒಳಬರುವ ಸರಕಿನ ಸುಂಕದಿಂದ 45,000 ಪರ್ದಾವೊ ಹುಟ್ಟುತ್ತಿತ್ತೆಂದೂ, ಬಾಗಿಲೊಳಗೆ ಬರುವ ಯಾವುದೂ ಸುಂಕ ತೆರದೆ ಬರಲಾಗದೆಂದೂ, ಗಂಡಸರು ಹೆಂಗಸರು ತಲೆಹೊರೆಗಳು ಸಹ ತೆರಬೇಕಾಗಿತ್ತೆಂದೂ ಅವನು ಹೇಳುತ್ತಾನೆ. ರಾಜಧಾನಿಯ ಒಂದು ಬಾಗಿಲು ವರ್ಷಕ್ಕೆ 12,000 ಪರ್ದಾವೊಗಳಿಗೆ ಗುತ್ತಿಗೆಗೆ ಹೋಗುತ್ತಿತ್ತು. ಗುತ್ತಿಗೆದಾರರು ಕೇಳಿದಷ್ಟನ್ನು ಕೊಡದೆ ದೇಶೀಯನಾಗಲಿ ಪರದೇಶೀಯನಾಗಲಿ ಒಳಗೆ ಬರುವಂತಿರಲಿಲ್ಲ. ಈ ಎರಡು ಪಟ್ಟಣಗಳಲ್ಲಿ ಯಾವ ದವಸವೂ ಸರಕೂ ಇಲ್ಲ, ಎಲ್ಲವೂ ಹೊರಗಿನಿಂದ ಎತ್ತಿನ ಬೆನ್ನ ಮೇಲೆ ಬರಬೇಕು. ದಿನಕ್ಕೆ 2,000 ಎತ್ತುಗಳು ಬಾಗಿಲು ದಾಟುತ್ತವೆ. ಒಂದೊಂದಕ್ಕೂ ಮೂರು ವಿಂತೆಂ ಸುಂಕ. ಕೊಂಬಿಲ್ಲದ ಬೋಳೆತ್ತುಗಳಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿಲ್ಲ.

ಈ ಅಂಕಿಗಳನ್ನು ಹಾಗೆಯೇ ನುಂಗುವುದು ಸರಿಯಲ್ಲ. ಪೇಸನ ಪ್ರಕಾರ ಒಂದು ಪರ್ದಾವೊ ಎಂದರೆ 360 ರೇಯಿಸ್. ಒಂದು ವಿಂತೆಂ 20 ರೇಯಿಸ್. ಹಾಗಾದರೆ ಎತ್ತಿಗೆ 60 ರೇಯಿಸ್, ಪರ್ದಾವೊದ ಆರನೆಯ ಒಂದು ಪಾಲು. ದಿನಕ್ಕೆ 2,000 ಎತ್ತಾದರೆ ದಿನದ ಸುಂಕ 333 ಪರ್ದಾವೊ, ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು. ನೂನಿಜನೇ ಕೊಡುವ 45,000 ಮತ್ತು 12,000ಗಳನ್ನು ಕೂಡಿಸಿದರೂ 57,000. ಲೆಕ್ಕದ ಅರ್ಧಕ್ಕೂ ಸಾಲದು. ಎತ್ತುಗಳ ಸಂಖ್ಯೆಯನ್ನು ವ್ಯಾಪಾರಿಯು ಬಾಯಿಗೆ ಬಂದಂತೆ ಹೇಳಿರಬಹುದು. ಬೋಳೆತ್ತುಗಳ ಪಾಲು ದೊಡ್ಡದಾಗಿರಬಹುದು. ಅಥವಾ ರಾಯನಿಗೆ ಕಟ್ಟಿದ ಗುತ್ತಿಗೆಗೂ ಬಾಗಿಲಲ್ಲಿ ವಸೂಲಾದ ಹಣಕ್ಕೂ ನಡುವಿನ ಅಂತರವು ಗುತ್ತಿಗೆದಾರನ ಹಮ್ಮಿಣಿ ಸೇರಿರಬಹುದು. ಕೇಳಿದಷ್ಟನ್ನು ಕೊಡಬೇಕಾಗಿತ್ತೆಂಬ ಮಾತನ್ನು ನೆನೆದರೆ ಈ ಮೂರನೆಯ ಊಹೆಯನ್ನು ತಳ್ಳಿಹಾಕುವುದು ಕಷ್ಟ. ಎಲ್ಲವೂ ಹೊರಗಿನಿಂದಲೇ ಬರುತ್ತಿತ್ತೆಂಬ ಮಾತಿನಲ್ಲಿಯೂ ಅತಿಶಯೋಕ್ತಿಯಿದೆ. ಕೋಟೆಯ ಸುತ್ತುಗಳ ನಡುವೆಯೇ ಹೊಲತೋಟಗಳಿದ್ದುದನ್ನು ರಜಾಕನು ಕಂಡಿದ್ದನು. ವಿಜಯನಗರದ ಅರಸರ ಕಾಲುವೆಗಳು ಹಂಪೆಯ ಬಾಳೆಯ ತೋಟಗಳಿಗೆ ಇಂದಿಗೂ ನೀರುಣಿಸುತ್ತಿವೆ. ಸೊಪ್ಪು, ಬಾಳೆ, ಬದನೆಗಳು ಹತ್ತಿರದಿಂದಲೂ ದವಸಧಾನ್ಯಗಳು ದೂರದಿಂದಲೂ ಬರುತ್ತಿದ್ದವೆಂದು ತಿಳಿದರೆ ಇಬ್ಬರ ಮಾತಿಗೂ ಎಡೆ ದೊರೆಯುತ್ತದೆ.

ಒಟ್ಟು ಮೊತ್ತವು ಸಂಶಯಾಸ್ಪದವಾದರೂ ಒಂದು ಎತ್ತಿನ ಸುಂಕವು ಸಂಶಯಾಸ್ಪದವಲ್ಲ. ವ್ಯಾಪಾರಿಯೊಬ್ಬನು ದಿನವೂ ಕಾಣುತ್ತಿದ್ದ ದರವದು. ಆ ದರವನ್ನು ಪೇಟೆಯ ಬೆಲೆಯೊಡನೆ ಇಟ್ಟು ನೋಡಬೇಕು. ಪೇಟೆಯಲ್ಲಿ ಒಂದು ಪರ್ದಾವೊಗೆ ಹನ್ನೆರಡು ಜೀವಂತ ಕುರಿಗಳು ದೊರೆಯುತ್ತಿದ್ದವೆಂದು ನೂನಿಜನು ಕೇಳಿ ಬರೆದಿದ್ದಾನೆ. ಹಾಗಿದ್ದರೆ ಒಂದು ಹೇರೆತ್ತು ಬಾಗಿಲು ದಾಟಲು ತೆತ್ತ ಸುಂಕವು ಎರಡು ಕುರಿಗಳ ಬೆಲೆ! ಹೊರಲಾರದ ಹೊರೆ ಎತ್ತಿನ ಬೆನ್ನ ಮೇಲಿದ್ದುದಕ್ಕಿಂತ ಬಾಗಿಲಲ್ಲಿತ್ತು ಎಂದರೆ ತಪ್ಪಾಗಲಾರದು.

ಈ ಹೊರೆಯು ಕೊನೆಗೆ ಯಾರ ತಲೆಯ ಮೇಲೆ ಇಳಿಯಿತು? ಇದಕ್ಕೆ ಉತ್ತರವನ್ನು ಪ್ರವಾಸಿಗರಿಬ್ಬರೂ ತಮಗರಿವಿಲ್ಲದೆಯೇ ಕೊಟ್ಟುಬಿಟ್ಟಿದ್ದಾರೆ. ನಗರದೊಳಗೆ ನಾಣ್ಯಕ್ಕೆ ಮೂರು ಕೋಳಿ, ನಗರದ ಹೊರಗೆ ಅದೇ ನಾಣ್ಯಕ್ಕೆ ನಾಲ್ಕು ಎನ್ನುತ್ತಾನೆ ಪೇಸ್. ನಗರದಲ್ಲಿ ಪರ್ದಾವೊಗೆ ಹನ್ನೆರಡು ಕುರಿ, ಗುಡ್ಡಗಾಡಿನಲ್ಲಿ ಹದಿನಾಲ್ಕು ಹದಿನೈದು ಎನ್ನುತ್ತಾನೆ ನೂನಿಜ್. ಹದಿನೈದು ವರ್ಷಗಳ ಅಂತರದಲ್ಲಿ, ಪರಸ್ಪರ ಸಂಬಂಧವಿಲ್ಲದ ಎರಡು ಪದಾರ್ಥಗಳ ವಿಷಯದಲ್ಲಿ, ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಸಂಗತಿಯನ್ನು ಗಮನಿಸಿದ್ದಾರೆ. ನಾಲ್ಕು ಕೋಳಿಗಳಲ್ಲಿ ಒಂದು ಕೋಟೆಯ ಬಾಗಿಲಲ್ಲಿಯೇ ಉಳಿದುಹೋಗುತ್ತಿತ್ತು. ಕೊಳ್ಳುವವನ ಲೆಕ್ಕದಲ್ಲಿ ಕೋಳಿಯ ಬೆಲೆ ಮೂರನೆಯ ಒಂದು ಪಾಲು ಏರಿತು. ಕುರಿಯ ಬೆಲೆ ಆರನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ. ಈ ಏರಿಕೆಯೆಲ್ಲ ಸುಂಕದಿಂದಲೇ ಆಯಿತೆಂದು ಹೇಳುವಂತಿಲ್ಲ. ಸಾಗಣೆಯ ಶ್ರಮ, ದಾರಿಯಲ್ಲಿ ಸತ್ತ ಕೋಳಿಯ ನಷ್ಟ, ನಡುವೆ ಕೈಬದಲಿದವರ ಲಾಭ ಎಲ್ಲವೂ ಅದರಲ್ಲಿ ಕೂಡಿವೆ. ಆದರೆ ಬಾಗಿಲಲ್ಲಿ ತೆತ್ತುದನ್ನು ಅಂಗಡಿಯಲ್ಲಿ ವಸೂಲು ಮಾಡದ ವ್ಯಾಪಾರಿಯು ಎರಡನೆಯ ಸಲ ಬಾಗಿಲಿಗೆ ಬರುವುದಿಲ್ಲ. ಹಳ್ಳಿಯಿಂದ ಮೊಸರಿನ ಗಡಿಗೆಯನ್ನೋ ಸೊಪ್ಪಿನ ಕಟ್ಟನ್ನೋ ತಲೆಯ ಮೇಲೆ ಹೊತ್ತು ತಂದ ಹೆಂಗಸಿಗೆ ಆ ಸ್ವಾತಂತ್ರ್ಯವೂ ಇರಲಿಲ್ಲ. ಸಂಜೆಯೊಳಗೆ ಮಾರದಿದ್ದರೆ ಮೊಸರು ಹುಳಿಯುತ್ತದೆ, ಸೊಪ್ಪು ಬಾಡುತ್ತದೆ, ತೆತ್ತ ಸುಂಕ ಹಿಂದಕ್ಕೆ ಬರುವುದಿಲ್ಲ. ಪೇಸನ ಸಮೃದ್ಧಿ ಸುಳ್ಳಲ್ಲ. ಆದರೆ ಅದು ಬೆಲೆಯ ಅರಿವಿಲ್ಲದೆ ಸುರಿದ ಸಮೃದ್ಧಿಯೂ ಅಲ್ಲ.

ನೂನಿಜನ ಇನ್ನೊಂದು ವಾಕ್ಯ ಕೊಳ್ಳುವವನ ಮನಸ್ಸನ್ನೇ ತೆರೆದು ತೋರಿಸುತ್ತದೆ. ದನದ ಮಾಂಸವನ್ನು ಬಿಟ್ಟು ಇಲ್ಲಿಯ ಅರಸರು ಎಲ್ಲವನ್ನೂ ತಿನ್ನುತ್ತಾರೆಂದು ಹೇಳುತ್ತ, ಗುಬ್ಬಿ, ಇಲಿ, ಬೆಕ್ಕು, ಓತಿಗಳು ಸಹ ಪೇಟೆಯಲ್ಲಿ ಮಾರಾಟವಾಗುತ್ತವೆಂದು ಸೇರಿಸಿದ್ದಾನೆ. ಈ ಮಾತಿನಿಂದ ಮುಜುಗರಪಟ್ಟ ವಿದ್ವಾಂಸರು ಉಂಟು. ಅರಸನ ತಟ್ಟೆಯ ಮಾತನ್ನು ಕುದುರೆ ವ್ಯಾಪಾರಿಯಿಂದ ಕೇಳಿ ತೀರ್ಮಾನಿಸಬೇಕಾದ್ದಿಲ್ಲ. ಬಗೆಬಗೆಯ ಜನ ಬದುಕುತ್ತಿದ್ದ ನಗರದ ಪೇಟೆಯಲ್ಲಿ ಬಗೆಬಗೆಯ ಆಹಾರವಿತ್ತೆಂಬಷ್ಟನ್ನು ನಂಬಿದರೆ ಯಾರಿಗೂ ಹಾನಿಯಿಲ್ಲ. ಗಮನಿಸಬೇಕಾದ ಮಾತು ಮುಂದಿನದು: ಬೇಟೆಯ ಪ್ರಾಣಿಪಕ್ಷಿಗಳನ್ನು ಜೀವಂತವಾಗಿಯೇ ಮಾರಬೇಕು, ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂದು ತಿಳಿಯಬೇಕು ಎಂಬುದು ಅಲ್ಲಿಯ ಕಟ್ಟಳೆ. ಪೇಸನೂ ಅವುಗಳನ್ನು ಜೀವಂತ ಮಾರುತ್ತಿದ್ದುದನ್ನು ಹೇಳಿದ್ದಾನೆ, ಆದರೆ ಕಾರಣವನ್ನು ಹೇಳಿಲ್ಲ. ಕೊಳ್ಳುವವನ ಸಂಶಯಕ್ಕೆ ಮನ್ನಣೆ ಕೊಟ್ಟ ಕಟ್ಟಳೆಯಿದು. ಕೌಜುಗವೆಂದು ಬೇರೆ ಹಕ್ಕಿಯನ್ನು ಕೊಟ್ಟವರು, ನಿನ್ನೆಯದನ್ನು ಇಂದಿನದೆಂದು ಮಾರಿದವರು ಇದ್ದರೆಂಬುದನ್ನು ಈ ಕಟ್ಟಳೆ ಒಪ್ಪಿಕೊಂಡಂತಾಯಿತು. ಮೋಸವಿಲ್ಲದ ಊರಿನಲ್ಲಿ ಇಂಥ ಕಟ್ಟಳೆ ಹುಟ್ಟುವುದಿಲ್ಲ.

ಮೂವರು ಪರದೇಶೀಯರ ಮಾತಾಯಿತು. ಊರಿನವರ ಬಾಯಲ್ಲಿ ಪೇಟೆ ಹೇಗಿತ್ತು? ಇಲ್ಲಿ ಚರಿತ್ರಕಾರನು ಪುರಂದರದಾಸರ ಕೀರ್ತನೆಗಳತ್ತ ತಿರುಗಬೇಕಾಗುತ್ತದೆ. ದಾಸರು ಪೇಸ್ ಮತ್ತು ನೂನಿಜರ ಸಮಕಾಲೀನರು. ವೈರಾಗ್ಯಕ್ಕೆ ಮೊದಲು ಸಿರಿವಂತ ವ್ಯಾಪಾರಿಯಾಗಿದ್ದರೆಂಬುದು ಸಂಪ್ರದಾಯ. ಹಂಪೆಯಲ್ಲಿ ವಿಟ್ಠಲ ದೇವಾಲಯದ ಬಳಿ, ಹೊಳೆಯ ದಂಡೆಯ ಮೇಲೆ, ಅವರ ಹೆಸರಿನ ಮಂಟಪವಿದೆ. ಹರಿನಾಮವನ್ನು ಕಲ್ಲುಸಕ್ಕರೆಯಾಗಿ ಕಂಡು, ಬೀದಿಯ ಮಾರಾಟಗಾರನಂತೆ ಕೂಗಿ ಕರೆಯುವ ಅವರ ಹಾಡು ಕನ್ನಡಿಗರ ನಾಲಗೆಯ ಮೇಲಿದೆ. ಭಕ್ತಿಯ ದೃಷ್ಟಿಯಿಂದ ಅದನ್ನು ಕೇಳಿದವರೇ ಎಲ್ಲರೂ. ಅದರಲ್ಲಿ ‘ಅಲ್ಲ’, ‘ಇಲ್ಲ’ ಎಂದು ನಿರಾಕರಿಸಲ್ಪಟ್ಟ ಸಂಗತಿಗಳನ್ನು ಮಾತ್ರ ಬಿಡಿಸಿ ಬರೆದುಕೊಂಡರೆ ಹದಿನಾರನೆಯ ಶತಮಾನದ ಪೇಟೆಯ ಕಷ್ಟಗಳ ಒಂದು ಪೂರ್ತಿ ಪಟ್ಟಿ ಕೈಗೆ ಬರುತ್ತದೆ. ಎತ್ತಿನ ಮೇಲೆ ಹೇರುವ ಕಷ್ಟ, ಗೋಣಿಗೆ ತುಂಬುವ ಕಷ್ಟ, ಬಾಡಿಗೆ, ಸುಂಕ, ಸರಕು ಕೆಟ್ಟು ನಾರುವ ಭಯ, ನಷ್ಟದ ಭಯ, ಇರುವೆ ಮುತ್ತುವ ಭಯ, ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಅಲೆಯುವ ದಣಿವು. ಈ ಸರಕಿಗೆ ಇವೊಂದೂ ಇಲ್ಲವೆಂದು ದಾಸರು ಹೇಳುತ್ತಾರೆ. ಬೇರೆ ಎಲ್ಲ ಸರಕಿಗೂ ಇವೆಲ್ಲ ಇದ್ದವೆಂಬುದು ಕೇಳುಗರಿಗೆ ಗೊತ್ತಿದ್ದುದರಿಂದಲೇ ಹಾಡು ಅವರ ಮನಸ್ಸಿಗೆ ನಾಟಿತು.

ಕೀರ್ತನೆಗಳು ಬಾಯಿಂದ ಬಾಯಿಗೆ ಬಂದವು, ಪಾಠಗಳು ಬದಲಾಗಿವೆ, ಅವನ್ನು ಶಾಸನದಂತೆ ಕಾಲನಿರ್ಣಯಕ್ಕೆ ಬಳಸಬಾರದು ಎಂಬ ಆಕ್ಷೇಪಣೆ ಸಾಧುವಾದುದೇ. ಆದರೆ ಇಲ್ಲಿ ಹಾಡು ಒಂಟಿ ಸಾಕ್ಷಿಯಲ್ಲ. ಎತ್ತು, ಹೇರು, ಸುಂಕ ಎಂಬ ಮೂರನ್ನೂ ನೂನಿಜನು ಅಂಕಿಗಳಲ್ಲಿ ಹೇಳಿದ್ದಾನೆ, ದಾಸರು ಅನುಭವದ ಮಾತಿನಲ್ಲಿ ಹೇಳಿದ್ದಾರೆ. ಸುಂಕವನ್ನು ಪಡೆದವರ ದಾಖಲೆ ಶಾಸನಗಳಲ್ಲಿ ಧಾರಾಳವಾಗಿದೆ. ತೆತ್ತವರ ಮನಸ್ಸಿನ ದಾಖಲೆ ಈ ಹಾಡಿನಲ್ಲಿ ಸಿಕ್ಕಷ್ಟು ಸ್ಪಷ್ಟವಾಗಿ ಬೇರೆಡೆ ಸಿಕ್ಕುವುದು ಅಪರೂಪ.

ಹೊರಗಿನಿಂದ ಬರುವ ಎತ್ತಿನ ಸಾಲನ್ನು ನೆಚ್ಚಿ ಬದುಕಿದ ಪೇಟೆಯು ಆ ಸಾಲು ನಿಂತೊಡನೆ ಬದುಕಲಾರದು. 1565ರ ಜನವರಿಯ ಸೋಲಿನ ನಂತರ ನಗರವು ಸೂರೆಯಾಯಿತು. ಎರಡು ವರ್ಷಗಳ ಮೇಲೆ, 1567ರಲ್ಲಿ, ಅಲ್ಲಿಗೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫೆಡ್ರಿಚಿ ಕಂಡದ್ದು ವಿಚಿತ್ರವಾದ ದೃಶ್ಯ. ಮನೆಗಳು ಇನ್ನೂ ನಿಂತಿದ್ದವು, ಆದರೆ ಬರಿದಾಗಿದ್ದವು. ಹುಲಿ ಮೊದಲಾದ ಕಾಡುಮೃಗಗಳು ಅವುಗಳಲ್ಲಿ ನೆಲೆಸಿದ್ದವೆಂದು ಅವನು ಬರೆದಿದ್ದಾನೆ. ಗೋಡೆಗಳನ್ನು ಕೆಡವುವ ಅಗತ್ಯವೇ ಇರಲಿಲ್ಲ. ತಿರುಮಲರಾಯನು ಜನರನ್ನು ಮತ್ತೆ ಕರೆಸಿ ನೆಲೆಗೊಳಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ.

ಕಲ್ಲಿನ ಕಂಬಸಾಲುಗಳು ಮಾತ್ರ ಉಳಿದವು. ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಟ್ಠಲ ದೇವಾಲಯಗಳ ಮುಂದಿನ ನೀಳವಾದ ಬೀದಿಗಳನ್ನೆಲ್ಲ ಇಂದು ‘ಬಜಾರ’ ಎಂದೇ ಕರೆಯುತ್ತಾರೆ. ಈ ಹೆಸರನ್ನು ತುಸು ಎಚ್ಚರದಿಂದ ಬಳಸಬೇಕು. ವಿರೂಪಾಕ್ಷನ ಬೀದಿಯ ಮನೆಗಳನ್ನು ಪೇಸನು ವರ್ಣಿಸುವಾಗ, ಅವುಗಳ ಕಂಬಸಾಲುಗಳಲ್ಲಿ ಯಾತ್ರಿಕರು ತಂಗುತ್ತಿದ್ದರೆಂದೂ ಉತ್ತಮ ವರ್ಗದವರ ಬಿಡಾರಗಳಿದ್ದವೆಂದೂ ರಾಯನದೊಂದು ಅರಮನೆಯೂ ಅಲ್ಲಿತ್ತೆಂದೂ ಹೇಳುತ್ತಾನೆ. ಕಂಬವಿದ್ದಲ್ಲೆಲ್ಲ ಅಂಗಡಿಯಿತ್ತೆಂದು ತಿಳಿಯುವುದು ಮಾರ್ಗದರ್ಶಿಗಳ ಉತ್ಸಾಹ. ಆದರೂ ಆ ಬೀದಿಯಲ್ಲಿ ಕೊಡುಕೊಳ್ಳುವಿಕೆ ಇಲ್ಲವಾಗಿಯೇ ಹೋಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಜನರು ಆ ಕಲ್ಲಿನ ಮಂಟಪಗಳಿಗೇ ಗೋಡೆ ಕಟ್ಟಿ ಮನೆ ಮಾಡಿಕೊಂಡರು, ಕಾಯಿ ಹಣ್ಣು ಊಟ ತಿಂಡಿಗಳ ಅಂಗಡಿಗಳನ್ನು ಇಟ್ಟರು. 1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. 2011ರ ಜುಲೈ ತಿಂಗಳಲ್ಲಿ ವಿರೂಪಾಕ್ಷನ ಬೀದಿಯ ಮನೆಗಳನ್ನೂ ಅಂಗಡಿಗಳನ್ನೂ ತೆರವು ಮಾಡಿಸಲಾಯಿತು. ಸ್ಮಾರಕದ ರಕ್ಷಣೆಗೆ ಅದು ಅನಿವಾರ್ಯವೆಂದು ವಾದಿಸಿದವರಿದ್ದರು. ಪೇಟೆಯೆಂಬ ಸ್ಮಾರಕದಿಂದ ಮಾರುವವರನ್ನೂ ಕೊಳ್ಳುವವರನ್ನೂ ಹೊರಗೆ ಕಳುಹಿಸಿದ ಮೇಲೆ ರಕ್ಷಿಸಿದ್ದು ಏನನ್ನು ಎಂದು ಕೇಳಿದವರೂ ಇದ್ದರು. ಅಲ್ಲಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದಲ್ಲಿ ನಿವೇಶನಗಳನ್ನು ಗೊತ್ತುಮಾಡಲಾಯಿತು. ಅದು ಹಳೆಯ ನಗರದ ಪಶ್ಚಿಮಕ್ಕೆ, ಎತ್ತುಗಳು ಸುಂಕ ತೆತ್ತು ಒಳಬರುತ್ತಿದ್ದ ದಾರಿಯ ಕಡೆಗೇ ಇದೆ.